ಅರಸಿನ ಆಜ್ಞೆಯೂ ಶರಣರ ಕಾಯಕವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಎಮ್ಮೆದೊಡ್ಡಿಯಲ್ಲಿ ನಡೆದ ಉಪನ್ಯಾಸ)

 

ಮಠವೊಂದು ತಾನು ನಡೆದುಬಂದ ವರ್ಷಗಳನ್ನು ಎಣಿಸಿಕೊಂಡು ಉತ್ಸವವನ್ನಾಚರಿಸುವ ಕಾಲದಲ್ಲಿ ಭಕ್ತರ ಮನಸ್ಸಿಗೆ ಬರತಕ್ಕ ಪ್ರಶ್ನೆಯೊಂದುಂಟು. ಧರ್ಮವು ಯಾವುದರ ಬಲದಿಂದ ನಿಲ್ಲುತ್ತದೆ? ಅರಸನು ಬರೆಸಿಕೊಟ್ಟ ತಾಮ್ರಶಾಸನದಿಂದಲೋ, ಉಂಬಳಿಯ ಭೂಮಿಯಿಂದಲೋ, ಅಥವಾ ಹೊಲದಲ್ಲಿ ಬೆವರು ಸುರಿಸಿ ಬೆಳೆದ ರಾಗಿಯಲ್ಲಿ ಒಂದು ಸೇರನ್ನು ದಾಸೋಹಕ್ಕೆಂದು ತಂದೊಪ್ಪಿಸುವ ಒಕ್ಕಲಿನಿಂದಲೋ? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ಚರಿತ್ರೆಯಿಂದ ಹೇಳುವುದು ಮೇಲು. ಚರಿತ್ರೆಯಲ್ಲಿ ಇದಕ್ಕೆ ಎರಡು ದೊಡ್ಡ ನಿದರ್ಶನಗಳು ದೊರೆಯುತ್ತವೆ. ಒಂದು ಅತಿ ದೂರದ ಈಜಿಪ್ತ ದೇಶದ್ದು. ಇನ್ನೊಂದು ಕಲ್ಯಾಣದ್ದು.

ದನಕರುಗಳ ದೊಡ್ಡಿಯಿಂದಲೇ ಹೆಸರು ಪಡೆದ ಈ ಊರಿನಲ್ಲಿ ಈಜಿಪ್ತದ ಮಾತೇಕೆಂದು ಕೆಲವರು ಕೇಳಿಯಾರು. ಕೇಳುವುದು ನ್ಯಾಯವೇ. ಆದರೆ ನೆರೆಯ ತರೀಕೆರೆಯ ಸೀಮೆಯಲ್ಲಿ ಎಣ್ಣೆಹೊಳೆಯೆಂಬ ಸ್ಥಳವಿದೆ. ಬಸವಣ್ಣನವರ ಅಕ್ಕನೂ ಚನ್ನಬಸವಣ್ಣನವರ ತಾಯಿಯೂ ಆದ ಅಕ್ಕನಾಗಮ್ಮನವರು ಲಿಂಗೈಕ್ಯರಾದ ತಾಣವಿದೆಂದು ಪರಂಪರೆಯು ನಂಬಿಕೊಂಡು ಬಂದಿದೆ. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬಾಳಿದ ಆ ಮಹಾತಾಯಿಯ ಗದ್ದುಗೆಯು ಬಾಬಾಬುಡನ್ ಗಿರಿಗಳ ಮಗ್ಗುಲಿನ ಈ ನಾಡಿನಲ್ಲಿ ಏಕೆ ಇದೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ, ಅರಸನು ನಡೆಸಿದ ಸುಧಾರಣೆಗೂ ಅರಸನಿಗೆ ಬೇಡವಾದ ಸುಧಾರಣೆಗೂ ಇರುವ ಅಂತರವು ತಾನಾಗಿ ತಿಳಿಯುತ್ತದೆ. ಅದನ್ನು ಅಳೆಯಲು ಈಜಿಪ್ತದ ಕಥೆಯು ಒಳ್ಳೆಯ ಕೋಲು.

ಕ್ರಿಸ್ತನಿಗಿಂತ ಸುಮಾರು ೧೩೫೦ ವರ್ಷಗಳ ಹಿಂದೆ ಆ ದೇಶದಲ್ಲಿ ನಾಲ್ಕನೆಯ ಅಮೆನ್‌ಹೋತೆಪನೆಂಬ ಅರಸನು ಪಟ್ಟವೇರಿದನು. ಅಮನ್ ದೇವನು ತೃಪ್ತನಾಗಿದ್ದಾನೆ ಎಂಬುದು ಆ ಹೆಸರಿನ ಅರ್ಥ. ಅಮನ್ ಎಂಬವನು ತೀಬ್ಸ್ ನಗರದ ದೇವತೆ. ಅವನ ಕಾರ್ನಾಕ್ ದೇವಾಲಯಕ್ಕೆ ಅಪಾರವಾದ ಭೂಮಿಯೂ ಗೋಸಂಪತ್ತೂ ಚಿನ್ನವೂ ಸೇರಿದ್ದವು. ಅಲ್ಲಿನ ಅರ್ಚಕವರ್ಗದ ಮಾತು ಅರಮನೆಯವರೆಗೂ ನಡೆಯುತ್ತಿತ್ತು. ಹೊಸ ಅರಸನು ಸೂರ್ಯಬಿಂಬವನ್ನು ಮಾತ್ರ ಆರಾಧಿಸತೊಡಗಿದನು. ಆ ಬಿಂಬಕ್ಕೆ ಆತೆನ್ ಎಂದು ಹೆಸರು. ಆಳ್ವಿಕೆಯ ಐದನೆಯ ವರ್ಷದ ಹೊತ್ತಿಗೆ ಅವನು ತನ್ನ ಹೆಸರನ್ನೇ ಅಖೆನಾತೆನ್ ಎಂದು ಬದಲಿಸಿಕೊಂಡು, ತೀಬ್ಸ್ ನಗರವನ್ನು ತೊರೆದು, ನೈಲ್ ನದಿಯ ದಡದಲ್ಲಿ ಯಾವ ದೇವತೆಗೂ ಸೇರಿರದ ಬಂಜರುನೆಲವನ್ನಾರಿಸಿ, ಅಖೆತಾತೆನ್ ಎಂಬ ಹೊಸ ರಾಜಧಾನಿಯನ್ನು ಕಟ್ಟಿಸಿದನು. ಇಂದು ಆ ಸ್ಥಳಕ್ಕೆ ಅಮರ್ನಾ ಎಂದು ಹೆಸರು. ಸುತ್ತಣ ಬೆಟ್ಟಗಳಲ್ಲಿ ಅವನು ಕೊರೆಯಿಸಿದ ಎಲ್ಲೆಯ ಶಾಸನಗಳು ಇಂದಿಗೂ ಇವೆ. ಹೊಸ ದೇವಾಲಯಗಳಿಗೆ ಮಾಡಿರಲಿಲ್ಲ. ಸೂರ್ಯನ ಬೆಳಕು ಪೂಜಾವೇದಿಗಳ ಮೇಲೆ ನೇರವಾಗಿ ಬೀಳಲೆಂದು ಅವನ್ನು ತೆರೆದ ಅಂಗಳಗಳಾಗಿ ಕಟ್ಟಿದ್ದರು.

ಇಲ್ಲಿಯವರೆಗೆ ಕೇಳಿದವರಿಗೆ ಈ ಅರಸನಲ್ಲಿ ಗೌರವ ಹುಟ್ಟುವುದು ಸಹಜ. ಗರ್ಭಗುಡಿಯ ಕತ್ತಲೆಯನ್ನು ಬಿಟ್ಟು ಬಯಲಿಗೆ ಬಂದವನು, ಹಲವು ದೈವಗಳನ್ನು ಬಿಟ್ಟು ಒಂದನ್ನು ಹಿಡಿದವನು, ಕೊಬ್ಬಿದ ಪೂಜಾರಿವರ್ಗವನ್ನು ಎದುರಿಸಿದವನು ಎಂದು ಪಾಶ್ಚಾತ್ಯ ವಿದ್ವಾಂಸರಲ್ಲಿಯೂ ಅನೇಕರು ಅವನನ್ನು ಕೊಂಡಾಡಿದ್ದಾರೆ. ಆದರೆ ಮುಂದಿನದನ್ನೂ ನೋಡಬೇಕು.

ಅರಸನ ಆಳುಗಳು ಉಳಿಬಾಚಿಗಳನ್ನು ಹಿಡಿದು ನಾಡಿನ ದೇವಾಲಯಗಳಲ್ಲಿ ಅಮನ್ ಎಂಬ ಅಕ್ಷರಗಳನ್ನು ಕೆತ್ತಿ ಅಳಿಸಿದರು. ಅರಸನ ತಂದೆಯ ಹೆಸರಿನಲ್ಲಿಯೂ ಅಮನ್ ಎಂಬ ಶಬ್ದವಿತ್ತಷ್ಟೆ, ಅದನ್ನೂ ಬಿಡಲಿಲ್ಲ. ದೇವರುಗಳು ಎಂಬ ಬಹುವಚನವನ್ನೂ ಕೆಲವೆಡೆ ಅಳಿಸಿದರು. ಜನರ ಪಾಡೇನು? ಆ ಕಾಲದ ಶಿಲ್ಪಗಳಲ್ಲಿ ಸೂರ್ಯನ ಕಿರಣಗಳ ತುದಿಯಲ್ಲಿ ಪುಟ್ಟ ಪುಟ್ಟ ಕೈಗಳಿವೆ. ಆ ಕೈಗಳು ಜೀವಚಿಹ್ನೆಯನ್ನು ನೀಡುವುದು ಅರಸನಿಗೂ ರಾಣಿ ನೆಫರ್ತಿತಿಗೂ ಅವರ ಹೆಣ್ಣುಮಕ್ಕಳಿಗೂ ಮಾತ್ರ. ಊರ ದೊಡ್ಡಮನುಷ್ಯರು ಮನೆಯಲ್ಲಿ ಪೂಜೆಗಿಟ್ಟುಕೊಂಡದ್ದು ರಾಜಕುಟುಂಬದ ಚಿತ್ರವನ್ನು. ಆತೆನನನ್ನು ಅರಿತವನು ಅರಸನೊಬ್ಬನೇ, ಉಳಿದವರು ಅರಸನ ಮೂಲಕವೇ ದೇವರನ್ನು ಕಾಣಬೇಕು ಎಂಬುದು ಅಲ್ಲಿನ ಕಟ್ಟಳೆ. ಹಳೆಯ ಅರ್ಚಕರು ಹೋದರು, ಅವರ ಜಾಗದಲ್ಲಿ ಅರಸನು ಕುಳಿತನು. ಇದನ್ನು ಸುಧಾರಣೆಯೆನ್ನಬಹುದು, ಬಿಡುಗಡೆಯೆನ್ನುವುದು ಕಷ್ಟ.

ಆ ನಗರದ ಕೆಲಸಗಾರರ ಕೇರಿಯನ್ನು ಅಗೆದಾಗ ಮನೆಮನೆಗಳಲ್ಲಿ ಸಿಕ್ಕಿದ್ದು ಹಳೆಯ ದೈವಗಳ ಗುರುತುಗಳು. ಬಾಣಂತಿಯರನ್ನು ಕಾಯುವ ದೇವತೆ, ಮಕ್ಕಳ ಪೀಡೆ ಕಳೆಯುವ ಕುಳ್ಳ ದೇವತೆ, ಇವರ ಪುಟ್ಟ ತಾಯಿತಗಳು. ಅರಮನೆಯ ಧರ್ಮವು ಅರಮನೆಗೆ ಕಲ್ಲೆಸೆತದ ದೂರದಲ್ಲಿದ್ದ ಗುಡಿಸಲಿನ ಹೊಸ್ತಿಲನ್ನೂ ದಾಟಲಿಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿನ ಸಾಮಾನ್ಯ ಜನರ ಸಮಾಧಿಗಳನ್ನು ಅಗೆದು ಎಲುಬುಗಳನ್ನು ಪರೀಕ್ಷಿಸಿದ್ದಾರೆ. ಚಿಕ್ಕ ವಯಸ್ಸಿನಲ್ಲಿಯೇ ಸತ್ತವರು ಬಹುಮಂದಿ, ಭಾರ ಹೊತ್ತು ಬೆನ್ನೆಲುಬು ಸವೆದವರು, ಸಾಕಷ್ಟು ಅನ್ನವಿಲ್ಲದೆ ಬೆಳೆದವರು. ದೇವರ ಹೊಸ ನಗರವನ್ನು ಕಟ್ಟಿದವರು ಇವರು.

ಅಖೆನಾತೆನನು ಹದಿನೇಳು ವರ್ಷ ಆಳಿದನು. ಅವನು ಕಾಲವಾದ ಮೇಲೆ ಕೆಲವೇ ವರ್ಷಗಳಲ್ಲಿ ಬಾಲಕನೊಬ್ಬನು ಪಟ್ಟಕ್ಕೆ ಬಂದನು. ತುತಂಖಾತೆನ್ ಎಂದಿದ್ದ ಅವನ ಹೆಸರು ತುತಂಖಾಮನ್ ಎಂದಾಯಿತು. ಪಾಳುಬಿದ್ದ ಹಳೆಯ ಗುಡಿಗಳನ್ನು ಮತ್ತೆ ಎತ್ತಿ ನಿಲ್ಲಿಸಿದೆನೆಂದು ಅವನ ಶಾಸನವು ಸಾರಿತು. ರಾಜಧಾನಿಯಲ್ಲಿ ಜನರು ವಾಸವಾಗಿದ್ದದ್ದು ಹೆಚ್ಚೆಂದರೆ ಎರಡು ದಶಕ. ಅನಂತರ ಬಂದ ಹೋರೆಮ್‌ಹೆಬ್ ಎಂಬ ಅರಸನು ಕಾರ್ನಾಕಿನಲ್ಲಿದ್ದ ಆತೆನನ ಗುಡಿಗಳನ್ನು ಕೆಡವಿಸಿ, ಅವುಗಳ ಕಲ್ಲುಗಳನ್ನು ಅಮನ್ ದೇವಾಲಯದ ಮಹಾದ್ವಾರಗಳ ಒಳಗೆ ತುಂಬಿಸಿದನು. ಅಖೆನಾತೆನನ ಹೆಸರು ಅರಸುಗಳ ವಂಶಾವಳಿಯಿಂದಲೇ ಹೋಯಿತು. ನ್ಯಾಯಾಲಯದ ದಾಖಲೆಯೊಂದರಲ್ಲಿ ಅವನನ್ನು ಹೆಸರಿಸದೆ ಅಖೆತಾತೆನಿನ ಶತ್ರು ಎಂದಷ್ಟೇ ಬರೆದಿದ್ದಾರೆ. ಅವನು ಮಾಡಿದ್ದನ್ನು ಅವನಿಗೇ ಮಾಡಿದರು. ಮೂರು ಸಾವಿರ ವರ್ಷಗಳ ಮೇಲೆ ಮಣ್ಣನ್ನು ಅಗೆದವರು ತಿಳಿಸದಿದ್ದರೆ ಅವನ ಹೆಸರನ್ನು ಇಂದು ಯಾರೂ ಬಲ್ಲವರಿರಲಿಲ್ಲ.

ಈಗ ಕಲ್ಯಾಣಕ್ಕೆ ಬರೋಣ. ಕಳಚುರ್ಯ ಬಿಜ್ಜಳನು ಮಂಗಳವಾಡದಲ್ಲಿ ಚಾಲುಕ್ಯರ ಮಾಂಡಲಿಕನಾಗಿದ್ದು, ಮೂರನೆಯ ತೈಲಪನು ದುರ್ಬಲನಾಗಿದ್ದ ಸಮಯವನ್ನು ನೋಡಿ, ಸುಮಾರು ೧೧೫೭ರ ವೇಳೆಗೆ ಸ್ವತಂತ್ರಾಧಿಕಾರವನ್ನು ಕೈಗೆ ತೆಗೆದುಕೊಂಡವನು. ಪುರಾಣಗಳು ಅವನನ್ನು ಜೈನನೆಂದು ಕರೆದು ಬಹಳವಾಗಿ ದೂಷಿಸುತ್ತವೆ. ಆದರೆ ಕಳಚುರ್ಯರ ಬಿರುದುಗಳಲ್ಲಿ ಸುವರ್ಣವೃಷಭಧ್ವಜ ಎಂಬುದೊಂದು, ಎಂದರೆ ನಂದಿಯೇ ಅವರ ಧ್ವಜದ ಗುರುತು. ಬಿಜ್ಜಳನನ್ನು ರಾಕ್ಷಸನನ್ನಾಗಿ ಮಾಡುವುದರಿಂದ ಶರಣರ ಮಹಿಮೆ ಹೆಚ್ಚಲಾರದು. ಅವನು ತನ್ನ ಸಿಂಹಾಸನವು ಅಲುಗುವುದೋ ಎಂದು ಹಗಲಿರುಳು ನೋಡುತ್ತಿದ್ದ ಅರಸು. ಅಕ್ರಮದಿಂದ ರಾಜ್ಯವನ್ನು ಪಡೆದವನಿಗೆ ನೆಮ್ಮದಿಯೆಲ್ಲಿಯದು?

ಅವನ ಭಂಡಾರಿ ಬಸವಣ್ಣನವರು. ಇಲ್ಲಿಯೇ ಈಜಿಪ್ತಕ್ಕೂ ಕಲ್ಯಾಣಕ್ಕೂ ಇರುವ ಭೇದವನ್ನು ಗಮನಿಸಬೇಕು. ರಾಜ್ಯದ ಬೊಕ್ಕಸವೇ ಬಸವಣ್ಣನವರ ಕೈಯಲ್ಲಿತ್ತು. ಅವರು ಮನಸ್ಸು ಮಾಡಿದ್ದರೆ ಇಷ್ಟಲಿಂಗವನ್ನು ಧರಿಸಿದವರಿಗೆ ಭೂಮಿ, ಧರಿಸದವರಿಗೆ ತೆರಿಗೆ ಎಂದು ಅರಸನಿಂದ ಆಜ್ಞೆ ಹೊರಡಿಸಬಹುದಿತ್ತಲ್ಲವೇ? ಅಂಥ ಆಜ್ಞೆಯ ಸುದ್ದಿ ಯಾವ ಪುರಾಣದಲ್ಲಿಯೂ ಇಲ್ಲ. ಅದಕ್ಕೆ ಬದಲಾಗಿ ಪುರಾಣಗಳಲ್ಲಿ ಬರುವುದು ಒಂದು ದೂರಿನ ಕಥೆ. ಬಸವಣ್ಣನು ಅರಸನ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಹೊಟ್ಟೆಕಿಚ್ಚಿನವರು ಚಾಡಿ ಹೇಳಿದರು. ಲೆಕ್ಕ ನೋಡಿದಾಗ ಭಂಡಾರದಲ್ಲಿ ಒಂದು ಹಾಗವೂ ಕಡಮೆಯಾಗಿರಲಿಲ್ಲ. ಭಕ್ತರು ಇದನ್ನು ಪವಾಡವೆಂದು ಕೇಳುತ್ತಾರೆ. ದಾಸೋಹಕ್ಕೆ ಅರಮನೆಯ ಹಣವು ಬೇಕಾಗಿಯೇ ಇರಲಿಲ್ಲವೆಂದು ಇದನ್ನು ತಿಳಿದುಕೊಂಡರೂ ದೋಷವಿಲ್ಲ.

ದಾಸೋಹವು ನಡೆದದ್ದು ಕಾಯಕದಿಂದ. ಅನುಭವಗೋಷ್ಠಿಗೆ ಬಂದವರ ಹೆಸರುಗಳೇ ಇದನ್ನು ಹೇಳುತ್ತವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ದಿನ ಹಿಂದಕ್ಕೆ ಸುರಿದುಬರಲು ಹೇಳಿದ ಲಕ್ಕಮ್ಮನ ಕಥೆಯನ್ನು ಈ ಸಭೆಯಲ್ಲಿರುವ ತಾಯಂದಿರು ಬಲ್ಲರು. ಅಖೆನಾತೆನನ ಧರ್ಮದಲ್ಲಿ ದೇವರ ಕಿರಣವು ಅರಸನ ಕೈಗೆ ಮಾತ್ರ ಬಂತು. ಕಲ್ಯಾಣದಲ್ಲಿ ದೇವರು ಪ್ರತಿಯೊಬ್ಬರ ಅಂಗೈ ಮೇಲೆಯೇ ಬಂದು ಕುಳಿತನು. ಅರ್ಚಕನೂ ಬೇಡ, ಅರಸನೂ ಬೇಡ, ಗುಡಿಯ ಬೀಗದ ಕೈಯೂ ಬೇಡ. ಭಾಷೆಯೋ, ಸಂತೆಯಲ್ಲಿ ಆಡುವ ಕನ್ನಡ. ಓದುಬರಹ ಬಾರದವನೂ ನೆನಪಿನಲ್ಲಿಟ್ಟುಕೊಳ್ಳಬಹುದಾದ ಮಾತು. ಅರಸನು ಎಷ್ಟು ಉಳಿಗಳನ್ನು ಹಿಡಿಸಿದರೂ ಅಂಥ ಮಾತನ್ನು ಕೆತ್ತಿ ತೆಗೆಯುವುದೆಲ್ಲಿಂದ?

ಬಿಜ್ಜಳನಿಗೆ ಬಹುಕಾಲ ಇದರಲ್ಲಿ ತೊಂದರೆ ಕಾಣಲಿಲ್ಲ. ಭಕ್ತಿ ಹಾಡುಗಳಿಂದ ಸಿಂಹಾಸನ ಅಲುಗುವುದಿಲ್ಲ. ಬಿರುಕು ಬಿಟ್ಟದ್ದು ವರ್ಣದ ಕಟ್ಟನ್ನು ಮುಟ್ಟಿದಾಗ. ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ, ಬ್ರಾಹ್ಮಣ್ಯವನ್ನು ಬಿಟ್ಟು ಶರಣರಾಗಿದ್ದ ಮಧುವರಸರ ಮಗಳಿಗೂ ವಿವಾಹವಾಯಿತು. ಅರಸನು ಬೀಗರಿಬ್ಬರನ್ನೂ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿದನೆಂದು ಪರಂಪರೆ ಹೇಳುತ್ತದೆ. ವಿದ್ಯಾರ್ಥಿಗಳು ತಿಳಿದಿರಬೇಕಾದ ಮಾತೊಂದು. ಪಾಲ್ಕುರಿಕೆ ಸೋಮನಾಥನ ಹಳೆಯ ತೆಲುಗು ಬಸವಪುರಾಣದಲ್ಲಿ ಅಲ್ಲಯ್ಯ ಮಧುವಯ್ಯರೆಂಬ ಭಕ್ತರ ಕಣ್ಣುಗಳನ್ನು ಬಿಜ್ಜಳನು ಕೀಳಿಸಿದನೆಂದಿದೆ, ವಿವಾಹದ ಪ್ರಸಂಗವು ಅನಂತರದ ಕೃತಿಗಳಲ್ಲಿ ಬೆಳೆದು ಬಂದಿದೆ. ಪಾಠಭೇದ ಹೇಗೇ ಇರಲಿ, ಅರಸನು ಶರಣರ ಮೇಲೆ ಕೈಮಾಡಿದನೆಂಬಲ್ಲಿ ಎಲ್ಲರ ಮಾತೂ ಒಂದೇ. ಬಿಜ್ಜಳನ ಕೊಲೆಯಾಯಿತೆಂದು ಪುರಾಣಗಳು ಹೇಳುತ್ತವೆ. ಶಾಸನಗಳನ್ನು ನೋಡಿದರೆ ೧೧೬೭-೬೮ರ ವೇಳೆಗೆ ಅವನ ಮಗ ಸೋವಿದೇವನು ಆಳುತ್ತಿದ್ದಾನೆ. ಮುಂದೆ ಇಪ್ಪತ್ತು ವರ್ಷಗಳು ತುಂಬುವ ಮೊದಲೇ ಕಳಚುರ್ಯರ ದೊರೆತನವೇ ಮುಗಿಯಿತು. ಅವರ ಸಿಂಹಾಸನದ ಆಯುಸ್ಸೂ ಅಖೆನಾತೆನನ ನಗರದ ಆಯುಸ್ಸಿನಂತೆ ಅಲ್ಪವೇ.

ಕಲ್ಯಾಣವು ಚದುರಿತು. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು. ಚನ್ನಬಸವಣ್ಣನವರೊಡನೆ ಹೊರಟ ತಂಡವು ಉಳವಿಯ ಕಾಡಿನ ಕಡೆಗೆ ಸಾಗಿತು. ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಯ್ಯನವರು ಹಿಂದೆ ನಿಂತು ತಡೆದರು. ವಚನದ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಜನರು ನಡೆದರೆಂಬುದು ಪರಂಪರೆಯ ಮಾತು. ಬಟ್ಟೆಯನ್ನು ಒಗೆಯುವವರು, ದೋಣಿ ನಡೆಸುವವರು, ಚರ್ಮವನ್ನು ಹದಮಾಡುವವರು, ಹೆಂಗಸರು, ಮಕ್ಕಳು. ಅವರ ಹಿಂದೆ ಯಾವ ಅರಸನ ಆಸರೆಯೂ ಇರಲಿಲ್ಲ.

ಅಕ್ಕನಾಗಮ್ಮನವರ ಜೊತೆಯಲ್ಲಿ ಈ ಸೀಮೆಗೆ ಬಂದವರು ನುಲಿಯ ಚಂದಯ್ಯನವರು. ಅಂದು ಈ ನಾಡು ಹೊಯ್ಸಳರ ಕೈಯಲ್ಲಿತ್ತು, ಕಳಚುರ್ಯರ ಕುದುರೆಗಳು ಇಲ್ಲಿಗೆ ಸುಲಭವಾಗಿ ಬರುವಂತಿರಲಿಲ್ಲ. ಎಣ್ಣೆಹೊಳೆಯಲ್ಲಿ ಅಕ್ಕನವರು ಲಿಂಗೈಕ್ಯರಾದ ಮೇಲೆ ಚಂದಯ್ಯನವರು ಮುಂದೆ ಸಾಗಿ, ಇಂದು ಹೊಳಲ್ಕೆರೆ ತಾಲ್ಲೂಕಿಗೆ ಸೇರಿರುವ ನುಲೇನೂರಿನಲ್ಲಿ ನಿಂತರು. ಊರಿನ ಹೆಸರಿನಲ್ಲಿಯೇ ನುಲಿಯಿದೆ.

ಚಂದಯ್ಯನವರ ಕಾಯಕ ಹುಲ್ಲನ್ನು ಕೊಯ್ದು ತಂದು ಹಗ್ಗ ಹೊಸೆಯುವುದು. ಎಮ್ಮೆದೊಡ್ಡಿಯವರಿಗೆ ಹಗ್ಗದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಕಣ್ಣಿಯಿಲ್ಲದೆ ಕರುವಿಲ್ಲ, ಮೂಗುದಾರವಿಲ್ಲದೆ ಎತ್ತಿಲ್ಲ, ಮಿಣಿಯಿಲ್ಲದೆ ಬಾವಿಯಿಂದ ನೀರಿಲ್ಲ. ಹುಲ್ಲು ಕೊಯ್ಯುವಾಗ ಒಂದು ದಿನ ಅವರ ಕೊರಳಿನ ಲಿಂಗವು ಜಾರಿ ನೀರಿಗೆ ಬಿತ್ತೆಂದೂ, ಅವರು ಅದನ್ನು ಲೆಕ್ಕಿಸದೆ ಹಗ್ಗವನ್ನು ಹೊಸೆದು ಮಾರಿ ಜಂಗಮದಾಸೋಹವನ್ನು ನಡೆಸಿದರೆಂದೂ, ಲಿಂಗವೇ ಹಿಂದೆ ಬಂದು ತನ್ನನ್ನು ಸ್ವೀಕರಿಸೆಂದು ಬೇಡಿತೆಂದೂ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾದ ಪ್ರಸಂಗವಿದೆ. ಮಾಚಯ್ಯನವರು ನಡುವೆ ಬಂದು ಬುದ್ಧಿ ಹೇಳಿದ ಮೇಲೆ, ಲಿಂಗವೂ ಹಗ್ಗವನ್ನು ಮಾರಿ ಬರಬೇಕೆಂಬ ಕರಾರಿನ ಮೇಲೆಯೇ ಅವರು ಒಪ್ಪಿದರಂತೆ! ದೇವರಿಗೇ ಕಾಯಕದಿಂದ ಬಿಡುವು ಕೊಡದವನು ಅರಸನ ಉಂಬಳಿಗೆ ಕೈಚಾಚಿಯಾನೆ? ಇಂಥವರು ಹೊತ್ತು ತಂದ ಧರ್ಮಕ್ಕೆ ರಾಜಧಾನಿ ಬೇಕಾಗಿರಲಿಲ್ಲ. ಹುಲ್ಲು ಬೆಳೆಯುವ ಯಾವ ಕೆರೆಯಂಗಳವಾದರೂ ಸಾಕಾಗಿತ್ತು.

ಅದೇ ಕಾಲಕ್ಕೆ ತುಸು ಈಚೆಗೆ, ೧೧೯೬ರಲ್ಲಿ, ಇದೇ ತರೀಕೆರೆಯ ಸೀಮೆಯ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕನು ಅಮೃತೇಶ್ವರನ ದೇವಾಲಯವನ್ನು ಕಟ್ಟಿಸಿದನು. ಅಲ್ಲಿನ ಶಾಸನವು ಜನ್ನಕವಿಯ ರಚನೆ. ಶಿಲ್ಪವನ್ನು ನೋಡಿ ಬೆರಗಾಗದವರಿಲ್ಲ, ಅದನ್ನು ಉಳಿಸಿಕೊಳ್ಳಬೇಕಾದದ್ದೂ ನಿಜ. ಒಂದೇ ಸೀಮೆಯಲ್ಲಿ ಒಂದೇ ತಲೆಮಾರಿನ ಅಂತರದಲ್ಲಿ ಈ ಎರಡೂ ಸಂಗತಿಗಳು ನಡೆದವೆಂಬುದನ್ನು ಮಾತ್ರ ಇಲ್ಲಿ ನೆನೆಯಬೇಕು. ಒಂದಕ್ಕೆ ದಂಡನಾಯಕನ ಬೊಕ್ಕಸವಿತ್ತು, ಇನ್ನೊಂದಕ್ಕೆ ಹುಲ್ಲಿನ ಹೊರೆ.

ಇದಕ್ಕೆ ತಿಳಿದವರು ಒಂದು ಆಕ್ಷೇಪವನ್ನು ಹೇಳಿಯಾರು. ವಿಜಯನಗರದ ಪ್ರೌಢದೇವರಾಯನ ಆಶ್ರಯವಿಲ್ಲದಿದ್ದರೆ ವಚನಗಳು ಉಳಿಯುತ್ತಿದ್ದವೆ? ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಚಾಮರಸರ ಕಾಲವದು. ನೂರೊಂದು ವಿರಕ್ತರ ಕಾಲವೂ ಅದೇ. ಕೆಳದಿಯ ಅರಸರಂತೂ ಮಠಗಳಿಗೆ ಕೊಟ್ಟ ದತ್ತಿಗಳಿಗೆ ಲೆಕ್ಕವಿಲ್ಲ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಉಪಕಾರವನ್ನು ಮರೆಯುವುದು ಶರಣಧರ್ಮವಲ್ಲ. ಆದರೆ ಪ್ರೌಢದೇವರಾಯನು ತೀರಿಕೊಂಡದ್ದು ೧೪೪೬ರಲ್ಲಿ. ಕಲ್ಯಾಣದಿಂದ ಅವನವರೆಗೆ ಎರಡೂವರೆ ಶತಮಾನಗಳು ಕಳೆದಿದ್ದವು. ಸಂಗ್ರಹಿಸುವುದಕ್ಕೆ ಆಗ ಏನಾದರೂ ಇತ್ತೆಂದರೆ, ಅದನ್ನು ಅಷ್ಟು ಕಾಲ ಬಾಯಲ್ಲಿಯೂ ಓಲೆಯಲ್ಲಿಯೂ ಕಾಪಾಡಿದವರು ಬೇರೆ ಇದ್ದರೆಂದಾಯಿತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಕೆಳದಿಯ ಅರಸೊತ್ತಿಗೆಯು ಹೋಯಿತು, ಅದರೊಡನೆ ಮಠಗಳು ಹೋಗಲಿಲ್ಲ. ಮೈಸೂರು ರಾಜ್ಯದಲ್ಲಿ ೧೯೫೫ರ ಧಾರ್ಮಿಕ ಇನಾಮು ರದ್ದಿಯಾತಿಯ ಕಾಯಿದೆಯು ಬಂದಾಗ, ಅರಸರು ಕೊಟ್ಟ ಭೂಮಿಗಳು ಅನೇಕ ಮಠಗಳ ಕೈಬಿಟ್ಟವು. ಮಠಗಳು ಮುಚ್ಚಿಹೋಗಬೇಕಾಗಿತ್ತಷ್ಟೆ? ಅನ್ನದಾಸೋಹವೂ ವಿದ್ಯಾರ್ಥಿನಿಲಯಗಳೂ ನಾಡಿನಲ್ಲಿ ವಿಸ್ತಾರಗೊಂಡದ್ದು ಅನಂತರವೇ. ಸುಗ್ಗಿಯಲ್ಲಿ ಮನೆಮನೆಯಿಂದ ಬಂದ ಧಾನ್ಯವು ಇನಾಮಿನ ಗದ್ದೆಗಿಂತ ಗಟ್ಟಿಯಾಗಿತ್ತು.

ಇಷ್ಟನ್ನು ಹೇಳಿ ಬೆನ್ನು ತಟ್ಟಿಕೊಂಡರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಅಖೆನಾತೆನನ ಹೆಸರನ್ನು ವೈರಿಗಳು ಕೆತ್ತಿ ತೆಗೆದರು. ಹರಳಯ್ಯನವರ ಮನೆಯ ಮದುವೆಯನ್ನು ಯಾವ ವೈರಿಯೂ ಕೆತ್ತಿ ತೆಗೆಯಲಿಲ್ಲ. ಪುರಾಣ ಪ್ರವಚನದಲ್ಲಿ ಆ ಕಥೆ ಬಂದಾಗ ಭಕ್ತರ ಕಣ್ಣುಗಳು ಇಂದಿಗೂ ತೇವವಾಗುತ್ತವೆ. ಪ್ರವಚನ ಮುಗಿಸಿ ಮನೆಗೆ ಹೋದವರು ಮಗಳಿಗೆ ವರನನ್ನು ನೋಡುವಾಗ ಕೇಳುವ ಮೊದಲನೆಯ ಪ್ರಶ್ನೆ ಯಾವುದು? ಒಳಪಂಗಡ ಯಾವುದೆಂದು. ಅಂಗೈಯಲ್ಲಿ ಒಂದೇ ಲಿಂಗವಿದ್ದರೂ ಪಂಕ್ತಿಯಲ್ಲಿ ಕುಳಿತಾಗ ಯಾರು ಯಾರ ಪಕ್ಕದಲ್ಲಿ ಎಂಬ ಲೆಕ್ಕವು ಅನೇಕ ಊರುಗಳಲ್ಲಿ ಬಹುಕಾಲ ನಡೆದದ್ದನ್ನು ಹಿರಿಯರು ಬಲ್ಲರು. ಆನೆಯ ಕಾಲಿಗೆ ಕಟ್ಟಿಸಿಕೊಂಡು ಎಳೆಸಿಕೊಂಡವರು ಹರಳಯ್ಯನವರೂ ಮಧುವರಸರೂ. ಹಾಗೆ ಪ್ರಾಣವನ್ನು ಕೊಟ್ಟು ಬೀಗರಾದವರ ಹೆಸರಿನಲ್ಲಿ ಜಯಘೋಷ ಮಾಡುವ ಸಮಾಜವು ಬಿಜ್ಜಳನು ಬಯಸಿದ್ದನ್ನು ಬಿಜ್ಜಳನಿಲ್ಲದೆಯೇ ನಡೆಸಿಕೊಂಡು ಬಂದಿದೆಯೆಂದರೆ ಮಾತು ಕಟುವಾದೀತು. ಆದರೆ ಮಹೋತ್ಸವದ ಚಪ್ಪರದಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು? ಕಲ್ಯಾಣದಲ್ಲಿ ನಿಂತುಹೋದ ಕೆಲಸವು ಅದೊಂದೇ.

ಓಲೆಗಳ ವಿಷಯ ಇನ್ನೊಂದಿದೆ. ವಚನದ ಕಟ್ಟುಗಳು ಶತಮಾನಗಳ ಕಾಲ ಅನೇಕ ಮಠಗಳಲ್ಲಿಯೂ ಮನೆಗಳಲ್ಲಿಯೂ ಪೂಜೆಯ ವಸ್ತುಗಳಾಗಿ ಉಳಿದವು. ವಿಭೂತಿ ಹಚ್ಚಿ, ಪತ್ರೆ ಏರಿಸಿ, ಧೂಪ ಹಾಕಿ ಮತ್ತೆ ಗಂಟು ಕಟ್ಟಿಡುತ್ತಿದ್ದರು. ಓದುತ್ತಿದ್ದವರು ಕಡಮೆ. ಇದನ್ನು ನಗೆಯಾಡುವಂತಿಲ್ಲ, ಪೂಜಿಸಿದ್ದರಿಂದಲೇ ಗೆದ್ದಲಿಗೆ ಸಿಕ್ಕದೆ ಉಳಿದ ಕಟ್ಟುಗಳೆಷ್ಟೋ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಆ ಗಂಟುಗಳನ್ನು ಬಿಚ್ಚಿಸುತ್ತ ಊರೂರು ತಿರುಗಿದರು. ಅವರಿಗೂ ಅರಸರ ಆಶ್ರಯವಿರಲಿಲ್ಲ. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆಯುವುದಕ್ಕೆ ಇದ್ದ ಮನೆಯನ್ನೇ ಮಾರಿದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದಕ್ಕೂ ಮೊದಲು ೧೯೨೩ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಹೊರಬಂದಿತ್ತು. ಅಚ್ಚುಹಾಕಿದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯ. ಬಿಜ್ಜಳನನ್ನು ಜೈನನೆಂದು ದೂರಿದ ಪುರಾಣಗಳನ್ನು ಕೇಳಿ ಬೆಳೆದವರ ಕೈಗೆ, ಹರಳಯ್ಯನ, ಚಂದಯ್ಯನ, ಅಕ್ಕನಾಗಮ್ಮನ ಸಂಗಡಿಗರ ಮಾತು ತಲುಪಿದ್ದು ಮಹಾವೀರನ ಹೆಸರಿನ ಅಚ್ಚಿನಮನೆಯಿಂದ.